ಎಐಸಿ ನೋಡೋದಾ, ಬಿಐಸಿ ನೋಡೋದಾ?

ವಿಜಯಪುರದ ದ್ರಾಕ್ಷಿ ತೋಟಗಳ ಇಳುವರಿ ಅಂದಾಜು ಮಾಡಲು ಎರಡು ಸಂಖ್ಯಾ ಮಾದರಿ ಕಟ್ಟಿದ್ದೀರಿ ಅಂದುಕೊಳ್ಳಿ. ಒಂದರಲ್ಲಿ ನೀರು, ಗೊಬ್ಬರ ಅಷ್ಟೇ. ಇನ್ನೊಂದರಲ್ಲಿ ಬಿಸಿಲು, ತೇವಾಂಶ, ಬಳ್ಳಿಯ ವಯಸ್ಸೂ ಸೇರಿವೆ. ಎರಡನೆಯದು ಹಳೆಯ ಅಂಕಿಗಳಿಗೆ ಚೆನ್ನಾಗಿ ಹೊಂದುತ್ತದೆ. ಹೊಂದಲೇಬೇಕು, ಅಂಶ ಜಾಸ್ತಿ ಅಲ್ವಾ? ಅದಕ್ಕೇ ಮಾದರಿ ಆರಿಸಲು ಬಳಸುವ ಎಐಸಿ (AIC), ಬಿಐಸಿ (BIC) ಎಂಬ ಎರಡೂ ಅಳತೆಗಳು ಹೆಚ್ಚುವರಿ ಅಂಶಗಳಿಗೆ ದಂಡ ಹಾಕುತ್ತವೆ. ಕಡಿಮೆ ಅಂಕ ಬಂದ ಮಾದರಿ ಗೆದ್ದಂತೆ.

ವ್ಯತ್ಯಾಸ ಇರೋದು ದಂಡದಲ್ಲೇ. ಜಪಾನಿನ ಸಂಖ್ಯಾಶಾಸ್ತ್ರಜ್ಞ ಅಕೈಕೆ 1970ರ ದಶಕದಲ್ಲಿ ಕೊಟ್ಟ ಎಐಸಿ ಪ್ರತಿ ನಿಯತಾಂಕಕ್ಕೆ, ಅಂದರೆ ಮಾದರಿ ಅಂದಾಜಿಸಬೇಕಾದ ಪ್ರತಿ ಸಂಖ್ಯೆಗೆ, 2 ಅಂಕ ಹಾಕುತ್ತದೆ. ಷ್ವಾರ್ಜ್ 1978ರಲ್ಲಿ ಕೊಟ್ಟ ಬಿಐಸಿ, ಮಾಹಿತಿ ಎಷ್ಟಿದೆಯೋ ಆ ಸಂಖ್ಯೆಯ ಸಹಜ ಲಾಗರಿದಮ್ ಹಾಕುತ್ತದೆ. 100 ತೋಟ ಇದ್ದರೆ ಸುಮಾರು 4.6. ತೋಟಗಳು 8 ಆದರೆ ಸಾಕು, ಬಿಐಸಿಯೇ ಬಿಗಿ.

ಮುಂದಿನ ಹಂಗಾಮಿನ ಅಂದಾಜಷ್ಟೇ ಬೇಕಾದರೆ ನಾನು ಎಐಸಿ ಕಡೆ. ಇಳುವರಿಯ ಜೊತೆ ನಿಜವಾಗಿ ಯಾವ ಅಂಶಕ್ಕೆ ನಂಟಿದೆ ಅಂತ ಸೋಸಬೇಕಾದರೆ ಬಿಐಸಿ, ಅದೂ ಮಾಹಿತಿ ಸಾಕಷ್ಟಿದ್ದಾಗ. ಇಪ್ಪತ್ತೇ ತೋಟ ಇದ್ದರೆ ಕಡಿಮೆ ಮಾಹಿತಿಗೆಂದೇ ತಿದ್ದಿದ ಎಐಸಿಸಿ (AICc) ಬಳಸಿ. ಎರಡು ಮಾದರಿಗಳ ಅಂಕದ ಅಂತರ 2ಕ್ಕಿಂತ ಕಡಿಮೆಯಾ? ಸುಮ್ನೆ ಜಗಳ ಬೇಡ, ಸರಳವಾದದ್ದನ್ನೇ ಇಟ್ಟುಕೊಳ್ಳಿ.

ಹಾಂ, ಒಂದು ಮಾದರಿ ಇಳುವರಿಗೆ, ಇನ್ನೊಂದು ಇಳುವರಿಯ ಲಾಗ್‌ಗೆ ಕಟ್ಟಿದ್ದರೆ ಈ ಅಂಕಗಳನ್ನು ಹಾಗೇ ಹೋಲಿಸಬೇಡಿ.