ದೊಡ್ಡ ಎಸ್‌ಯುವಿಗೆ ಹಿಂದಿನ ಸ್ಪ್ರಿಂಗ್ ಮಾತ್ರ ಬದಲಿಸುವ ಮುನ್ನ ಇದನ್ನು ಓದಿ

ಮೂರೂ ಸಾಲು ಸೀಟು ತುಂಬಿ, ಡಿಕ್ಕಿಗೆ ಸಾಮಾನು ಹೇರಿದರೆ ಹಿಂಭಾಗ ಕೂತುಬಿಡುತ್ತಿದ್ದ ದೊಡ್ಡ ಎಸ್‌ಯುವಿ ಅದು. ಹಿಂದೆ ಸಾಲಿಡ್ ಆಕ್ಸಲ್ (ಎರಡೂ ಹಿಂಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಅಡ್ಡತೊಲೆ), ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್. ಗಾಡಿಯನ್ನು 50 ಮಿ.ಮೀ. ಎತ್ತುವ ಗಟ್ಟಿ ಸ್ಪ್ರಿಂಗ್ ಜೋಡಿ ಹಾಕಿ, ಹಳೇ ಶಾಕ್ ಅಬ್ಸಾರ್ಬರ್‌ಗಳನ್ನೇ ಉಳಿಸಲಾಯಿತು. ನೋಡಲು ಚೆನ್ನಾಗಿಯೇ ನಿಂತಿತು. ಆಮೇಲೆ ಖಾಲಿ ಓಡಿಸುವಾಗ ಹಿಂಭಾಗದ ಕುಣಿತ, ಹಂಪ್ ಇಳಿದಾಗಲೆಲ್ಲ ಟಣ್ ಎಂಬ ಸದ್ದು, ಶಾಕ್‌ನಿಂದ ಎಣ್ಣೆ ಸೋರಿಕೆ, ಕೊನೆಗೆ ಆಕ್ಸಲ್ಲನ್ನು ಗಾಡಿಗೆ ಹಿಡಿದಿಡುವ ಟ್ರೇಲಿಂಗ್ ಆರ್ಮ್‌ಗಳ ತುದಿಯ ರಬ್ಬರ್ ಬುಷ್‌ಗಳೂ ಹರಿದವು. ಸ್ಪ್ರಿಂಗ್ ಮಾತ್ರ ಸರಿಯಾಗಿಯೇ ಇತ್ತು.

ಆ ಸದ್ದು ಶಾಕ್‌ನದು. ಗಾಡಿ 50 ಮಿ.ಮೀ. ಎದ್ದರೆ ಚಕ್ರ ಕೆಳಗಿಳಿಯಲು ಶಾಕ್‌ನಲ್ಲಿ ಉಳಿದಿರುವ ಅವಕಾಶ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗುತ್ತದೆ. ಶಾಕ್ ಪೂರ್ತಿ ಹಿಗ್ಗಿ, ಆಕ್ಸಲ್ಲಿನ ಭಾರವೆಲ್ಲ ಅದರೊಳಗಿನ ಪಿಸ್ಟನ್ ಮೇಲೆ ಜಗ್ಗುತ್ತದೆ. ಎತ್ತರಕ್ಕೆ ತಕ್ಕ ಉದ್ದದ ಶಾಕ್ ಬೇಕು. ಹಾಗೆಂದು ತೀರಾ ಉದ್ದದ್ದು ಹಾಕಿದರೆ ಆಕ್ಸಲ್ ಮೇಲೇರುವುದನ್ನು ತಡೆಯುವ ರಬ್ಬರ್ ತಡೆ (ಬಂಪ್ ಸ್ಟಾಪ್) ತಾಗುವ ಮೊದಲೇ ಶಾಕ್ ತಳ ಕಚ್ಚುತ್ತದೆ, ಚಕ್ರ ಇಳಿದಾಗ ಸ್ಪ್ರಿಂಗ್ ಕೂಡ ತಾನು ಕೂರುವ ಜಾಗದಿಂದ ಕಳಚಬಹುದು. ಪೂರ್ತಿ ಹಿಗ್ಗಿದಾಗ, ಪೂರ್ತಿ ಕುಗ್ಗಿದಾಗ ಎಷ್ಟು ಉದ್ದ ಬೇಕೆಂದು ಅಳೆದೇ ಕೊಳ್ಳಬೇಕು. ಬ್ರೇಕ್ ಹೋಸ್, ಎಬಿಎಸ್ ವೈರ್, ಆಕ್ಸಲ್ ಬ್ರೀದರ್ (ಆಕ್ಸಲ್ ಒಳಗಿನ ಗಾಳಿ ಹೋಗಿಬರುವ) ಪೈಪ್‌ಗಳು ಆಕ್ಸಲ್ ಪೂರ್ತಿ ಇಳಿದಾಗಲೂ ಸಡಿಲವಾಗಿರಬೇಕು.

ಬುಷ್ ಹರಿದದ್ದು ಶುದ್ಧ ಕೆಲಸದ ತಪ್ಪು. ಇದು ಎಷ್ಟು ಕಡೆ ನಡೆಯುತ್ತದೆಂದರೆ, ಸರಿಯಾಗಿ ಮಾಡಿದ್ದೇ ಅಪರೂಪ ಅನ್ನಿಸುತ್ತದೆ. ಬುಷ್‌ನ ರಬ್ಬರ್ ಒಳಗಿನ ಕೊಳವೆಗೂ ಹೊರಗಿನ ಕವಚಕ್ಕೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿಸಿದರೆ ಒಳಕೊಳವೆ ಬ್ರಾಕೆಟ್ಟಿಗೆ ಕಚ್ಚುತ್ತದೆ, ಆರ್ಮ್ ಆಡುವಾಗ ತಿರುಚುವುದು ರಬ್ಬರ್ ಮಾತ್ರ. ಆಕ್ಸಲ್ ನೇತಾಡುತ್ತಿರುವಾಗಲೇ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ನಿಂತಲ್ಲೂ ಅದಕ್ಕೆ ಬಿಡುವಿಲ್ಲ. ಆದ್ದರಿಂದ ಆರ್ಮ್ ಮತ್ತು ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಅಡ್ಡಸಲಾಕೆ) ಬೋಲ್ಟ್‌ಗಳನ್ನು ಮೊದಲೇ ಸಡಿಲಿಸಿ, ಸ್ಪ್ರಿಂಗ್ ಕೂರಿಸಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ನಾಲ್ಕಾರು ಸಲ ಒತ್ತಿ ಕುಲುಕಿ, ಆಮೇಲೆ ತಯಾರಕರು ಹೇಳಿದ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿಸಿ. ಹೊಸ ಸ್ಪ್ರಿಂಗ್ ಹಾಕಿ ಬುಷ್ ಬೋಲ್ಟ್ ಮುಟ್ಟದೆ ಬಿಟ್ಟರೂ ಅದೇ ಕಥೆ, ಹಳೇ ಎತ್ತರದ ಬಿಗಿತ ಹಾಗೇ ಉಳಿದಿರುತ್ತದೆ.

ಪ್ಯಾನ್‌ಹಾರ್ಡ್ ರಾಡ್‌ನ ಉದ್ದ ಬದಲಾಗುವುದಿಲ್ಲ. ಗಾಡಿ ಎದ್ದಷ್ಟೂ ರಾಡ್ ಓರೆಯಾಗಿ ಆಕ್ಸಲ್ಲನ್ನು ಒಂದು ಬದಿಗೆ ಎಳೆಯುತ್ತದೆ. 900 ಮಿ.ಮೀ. ರಾಡ್‌ನ ಎರಡು ತುದಿಗಳ ಎತ್ತರದ ವ್ಯತ್ಯಾಸ 100 ಇದ್ದದ್ದು 150 ಮಿ.ಮೀ. ಆದರೆ ಆಕ್ಸಲ್ ಸುಮಾರು 7 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿದರೆ ಸರಿಹೋಗುತ್ತದೆ.

ಇನ್ನು ಕುಣಿತ. ಒಂದೊಂದು ಸ್ಪ್ರಿಂಗ್ ಮಿ.ಮೀ.ಗೆ 30 ನ್ಯೂಟನ್ ಗಟ್ಟಿಯಿದ್ದರೆ (ಅಂದರೆ ಒಂದು ಮಿ.ಮೀ. ಕುಗ್ಗಲು 30 ನ್ಯೂಟನ್ ಬಲ ಬೇಕಿದ್ದರೆ), ಆಕ್ಸಲ್ ಮೇಲೆ 300 ಕೆ.ಜಿ. ಹೆಚ್ಚುವರಿ ಬಿದ್ದಾಗ ಸುಮಾರು 49 ಮಿ.ಮೀ. ಕುಸಿಯುತ್ತದೆ. 45 ನ್ಯೂಟನ್ ಆದರೆ 33. ಕೇಳಲು ಚಂದ, ಆದರೆ ವರ್ಷದಲ್ಲಿ ಹತ್ತು ದಿನ ಮಾತ್ರ ಆ ಭಾರ ಹೊರುವುದಾದರೆ ಉಳಿದ ದಿನವೆಲ್ಲ ಖಾಲಿ ಗಾಡಿ ಕುಣಿದು ಬೆನ್ನು ನೋವು. ಗಟ್ಟಿತನ ಆರಿಸಬೇಕಾದದ್ದು ಯಾವಾಗಲೂ ಇರುವ ಭಾರ ನೋಡಿ. ಅಪರೂಪದ ಭಾರಕ್ಕೆ ಕಾಯಿಲ್ ಒಳಗೆ ಕೂರುವ, ಬೇಕಾದಾಗ ಗಾಳಿ ತುಂಬುವ ಏರ್‌ಬ್ಯಾಗ್ ಮೇಲು. ಎಡ, ಬಲ ಎರಡು ಬ್ಯಾಗ್‌ಗೂ ಬೇರೆ ಬೇರೆ ಗಾಳಿ ಪೈಪ್ ಇರಲಿ. ಒಂದೇ ಪೈಪಿಗೆ ಜೋಡಿಸಿದರೆ ತಿರುವಿನಲ್ಲಿ ಗಾಳಿ ಆ ಕಡೆಯಿಂದ ಈ ಕಡೆಗೆ ಹರಿದು ಗಾಡಿ ಇನ್ನಷ್ಟು ವಾಲುತ್ತದೆ.

ತಾನೇ ಎತ್ತರ ಸರಿಮಾಡಿಕೊಳ್ಳುವ ಶಾಕ್ ಇರುವ ಗಾಡಿಯಲ್ಲಿ ಭಾರದ ಒಂದು ಪಾಲನ್ನು ಶಾಕ್‌ಗಳೇ ಹೊರುತ್ತವೆ. ಅವನ್ನು ತೆಗೆದು ಸಾಮಾನ್ಯ ಶಾಕ್ ಹಾಕಿದರೆ, ಮೂಲ ಸ್ಪ್ರಿಂಗ್ ಒಂದಕ್ಕೇ ಆ ಭಾರ ತಡೆಯುವುದಿಲ್ಲ, ಗಾಡಿ ಮೊದಲಿಗಿಂತ ಹೆಚ್ಚು ಕೂರುತ್ತದೆ.

ಕೆಲವು ಗಾಡಿಗಳಲ್ಲಿ ಹಿಂದಿನ ಬ್ರೇಕ್ ಒತ್ತಡವನ್ನು ಆಕ್ಸಲ್ಲಿಗೆ ಜೋಡಿಸಿದ ಲಿವರ್ ಇರುವ ವಾಲ್ವ್ ನಿಯಂತ್ರಿಸುತ್ತದೆ. ಗಾಡಿ ಎತ್ತರಿಸಿದರೆ ಭಾರವೇ ಇಲ್ಲವೆಂದು ಅದು ಎಣಿಸಿ, ತುಂಬಿದ ಗಾಡಿಯಲ್ಲೂ ಹಿಂದಿನ ಬ್ರೇಕ್ ತಗ್ಗಿಸಿಬಿಡುತ್ತದೆ. ಲಿವರ್ ಹೊಂದಿಸದೆ ಗಾಡಿ ಹೊರತೆಗೆಯಬೇಡಿ. ಸ್ಪ್ರಿಂಗ್ ಎಷ್ಟೇ ಗಟ್ಟಿಯಾದರೂ ತಯಾರಕರು ನಮೂದಿಸಿದ ಒಟ್ಟು ತೂಕದ ಮಿತಿ ಹೆಚ್ಚುವುದಿಲ್ಲ, ಏಕೆಂದರೆ ಆಕ್ಸಲ್, ಬೇರಿಂಗ್, ಟೈರ್, ಬ್ರೇಕ್ ಎಲ್ಲವೂ ಹಳೆಯವೇ.