ಕನ್ನಡಿಯ ಬಿಸಿ ನಡುಕ: ಗಾಜು, ಉದ್ದ, ಲೇಪನ, ಯಾವುದನ್ನು ಬದಲಿಸಬೇಕು?

ಲೇಸರಿನ ಆವರ್ತನ ಅಲುಗಾಡದಂತೆ ಅದನ್ನು ಕ್ಯಾವಿಟಿಗೆ (ಎದುರುಬದುರು ಕನ್ನಡಿಗಳಿರುವ ಗಟ್ಟಿ ಚೌಕಟ್ಟಿಗೆ) ಲಾಕ್ ಮಾಡಿದವರಿಗೆ ಈ ಹಂತ ಗೊತ್ತಿರುತ್ತದೆ. ನೆಲದ ಕಂಪನ ತಡೆದಾಯಿತು, ವ್ಯಾಕ್ಯೂಮ್ ಸರಿಯಿದೆ, ಸರ್ಕ್ಯೂಟೂ ಚೆನ್ನಾಗಿದೆ. ಆದರೂ ನಾಯ್ಸ್ (ಆವರ್ತನದ ಏರುಪೇರು) ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಉಳಿದಿರುವುದು ಬಿಸಿಯಿಂದಾಗುವ ಕನ್ನಡಿಯ ಅಣುಗಳ ನಡುಕ. ವಸ್ತುವಿನೊಳಗೆ ಶಕ್ತಿ ಹೆಚ್ಚು ಸೋರಿದಷ್ಟೂ ಈ ನಡುಕ ಜಾಸ್ತಿ.

ನಾನು ಮೊದಲು ಬದಲಿಸಿದ್ದು ಗಾಜನ್ನು. 10 ಸೆಂ.ಮೀ. ಕ್ಯಾವಿಟಿಯಲ್ಲಿ ಯುಎಲ್ಇ (ಬಿಸಿಗೆ ಬಹುತೇಕ ಹಿಗ್ಗದ ಗಾಜು) ಕನ್ನಡಿ ತೆಗೆದು ಫ್ಯೂಸ್ಡ್ ಸಿಲಿಕಾ (ಶುದ್ಧ ಸಿಲಿಕಾ ಗಾಜು) ಹಾಕಿದೆ. ಯುಎಲ್ಇಯ ಕ್ಯೂ (ಇದು ಹೆಚ್ಚಿದ್ದಷ್ಟೂ ಶಕ್ತಿಯ ಸೋರಿಕೆ ಕಡಿಮೆ) ಸುಮಾರು 60,000, ಫ್ಯೂಸ್ಡ್ ಸಿಲಿಕಾದ್ದು 10 ಲಕ್ಷ ದಾಟುತ್ತದೆ. ನಾಯ್ಸ್ ಇಳಿಯಿತು. ಆದರೆ ಬಿಸಿಗೆ ಈ ಗಾಜು ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಕ್ಯಾವಿಟಿಯ ಉದ್ದ ಬಿಸಿಗೆ ಬದಲಾಗದ ತಾಪಮಾನ ಕೋಣೆಯ ತಾಪಕ್ಕಿಂತ ತುಂಬಾ ಕೆಳಗೆ ಜಾರಿತು. ಕನ್ನಡಿಯ ಹಿಂಬದಿಗೆ ಯುಎಲ್ಇ ಉಂಗುರ ಅಂಟಿಸಿದರೆ ಅದನ್ನು ಮೇಲಕ್ಕೆ ತರಬಹುದು. ಉಂಗುರವನ್ನು ಕನ್ನಡಿ ಜೊತೆಗೇ ತರಿಸಿಕೊಳ್ಳಿ. ನಾನು ಆಮೇಲೆ ನೋಡೋಣ ಎಂದು ಬಿಟ್ಟು ತಿಂಗಳುಗಟ್ಟಲೆ ಕಳೆದುಕೊಂಡೆ.

ಆಮೇಲೆ ಉದ್ದ. ಕ್ಯಾವಿಟಿ ಉದ್ದವಾದಷ್ಟೂ ಅದೇ ನಡುಕದ ಪಾಲು ಚಿಕ್ಕದಾಗುತ್ತದೆ. ಕನ್ನಡಿ ಮೇಲೆ ಬೀಳುವ ಲೇಸರ್ ಚುಕ್ಕೆಯೂ ದೊಡ್ಡದಾಗಿ ಇನ್ನಷ್ಟು ಲಾಭ. 2015ರಲ್ಲಿ ಜರ್ಮನಿಯ ರಾಷ್ಟ್ರೀಯ ಮಾಪನ ಸಂಸ್ಥೆ ಪಿಟಿಬಿಯವರು 48 ಸೆಂ.ಮೀ. ಕ್ಯಾವಿಟಿಯಲ್ಲಿ ಆವರ್ತನದ ಏರುಪೇರನ್ನು ಅದರ 8×10⁻¹⁷ ಪಾಲಿಗೆ ಇಳಿಸಿ ತೋರಿಸಿದರು. ನನ್ನ 30 ಸೆಂ.ಮೀ. ಕ್ಯಾವಿಟಿ ಮಾತ್ರ ನೆಲದ ಸಣ್ಣ ಅಲುಗಾಟಕ್ಕೂ ಬಾಗುತ್ತಿತ್ತು. ಆಧಾರದ ಬಿಂದು ಹುಡುಕುವುದೇ ದೊಡ್ಡ ಕೆಲಸವಾಯಿತು.

ಕೊನೆಗೆ ಕನ್ನಡಿಯಿಂದ ಬೆಳಕು ಪ್ರತಿಫಲಿಸುವಂತೆ ಮಾಡುವ ಲೇಪನ. ಗಾಜು ಒಳ್ಳೆಯದಾದ ಮೇಲೆ ನಿಜವಾದ ತಪ್ಪಿತಸ್ಥ ಕೆಲವೇ ಮೈಕ್ರೋಮೀಟರ್ ದಪ್ಪದ ಆ ಪದರ, ಅದರಲ್ಲೂ ಟ್ಯಾಂಟಲಮ್ ಆಕ್ಸೈಡ್. ಅದರ ಬದಲು ಗ್ಯಾಲಿಯಂ ಆರ್ಸೆನೈಡ್ ಮತ್ತು ಅಲ್ಯೂಮಿನಿಯಂ ಗ್ಯಾಲಿಯಂ ಆರ್ಸೆನೈಡ್ ಹರಳಿನ ಪದರ ಬಳಸಬಹುದು. ಅದರ ಸೋರಿಕೆ ಹತ್ತು ಪಟ್ಟು ಕಡಿಮೆ ಎಂದು 2013ರಲ್ಲೇ ತೋರಿಸಿದ್ದಾರೆ. ನಡುಕ ಸೋರಿಕೆಯ ವರ್ಗಮೂಲದಂತೆ ಬದಲಾಗುವುದರಿಂದ ಲೇಪನದ ನಡುಕ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಷ್ಟು ದೊಡ್ಡ ಲಾಭ ಅಲ್ವಾ! ಈ ಲೇಪನದಲ್ಲಿ ಬೆಳಕಿನ ಎರಡು ಧ್ರುವೀಕರಣಕ್ಕೆ (ಅಲೆ ಕಂಪಿಸುವ ದಿಕ್ಕಿಗೆ) ಎರಡು ಬೇರೆ ರೆಸೊನೆನ್ಸ್ (ಕ್ಯಾವಿಟಿಗೆ ಹೊಂದುವ ಆವರ್ತನ) ಕಾಣುತ್ತವೆ. ಪೋಲರೈಸರನ್ನು ಸರಿಯಾಗಿ ತಿರುಗಿಸದೆ ಇದ್ದಾಗ ನನ್ನ ಲಾಕ್ ಸುಮ್ನೆ ಅಲೆಯುತ್ತಿತ್ತು. ಸುಮಾರು 870 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕನ್ನು ಈ ಹರಳು ನುಂಗಿಬಿಡುತ್ತದೆ. ಹಾಗಾಗಿ ಸ್ಟ್ರಾನ್ಷಿಯಂ ಪರಮಾಣು ಗಡಿಯಾರದ 698 ನ್ಯಾನೋಮೀಟರ್ ಲೇಸರಿಗೆ ಇದು ಆಗದು.

124 ಕೆಲ್ವಿನ್‌ನಲ್ಲಿ (ಸುಮಾರು −149 °C) ಸಿಲಿಕಾನ್ ಕ್ಯಾವಿಟಿ ಬಳಸುವ ದಾರಿಯನ್ನು ನಾನು ಹಿಡಿದಿಲ್ಲ. ಈಗ 1064 ನ್ಯಾನೋಮೀಟರ್ ಲೇಸರಿಗೆ ನನ್ನ ಟೇಬಲ್ ಮೇಲೆ ಇರುವುದು 10 ಸೆಂ.ಮೀ. ಕ್ಯಾವಿಟಿಯೇ: ಫ್ಯೂಸ್ಡ್ ಸಿಲಿಕಾ ಕನ್ನಡಿ, ಹರಳಿನ ಲೇಪನ, ಹಿಂದೆ ಉಂಗುರ.