ಮಣಿಪಾಲವೋ ಬಿಜೈಯೋ: ಸಲಿಂಗಿ ಜೋಡಿ ಫ್ಲ್ಯಾಟ್ ಕೊಳ್ಳುವಾಗ

ಮಣಿಪಾಲ ಹೊರರಾಜ್ಯದ ವಿದ್ಯಾರ್ಥಿಗಳು, ವೈದ್ಯರು ಬಂದುಹೋಗುವ ಊರು. ಇಬ್ಬರು ಗಂಡಸರು ಒಂದೇ ಮನೆಯಲ್ಲಿದ್ದರೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಬಾಡಿಗೆಗೆ ಕೊಡುವುದೂ ಸುಲಭ. ಮಂಗಳೂರಿನ ಬಿಜೈ, ಕದ್ರಿ ಕಡೆ ಬಸ್ಸು, ಆಸ್ಪತ್ರೆ ಹತ್ತಿರ. ವಯಸ್ಸಾಗುವವರೆಗೂ ಅಲ್ಲೇ ಇರುವವರಿಗೆ ಅದೇ ವಾಸಿ. ಆದರೆ ಮಾಲೀಕರೇ ವಾಸವಿರುವ ಕಟ್ಟಡದಲ್ಲಿ ಮನೆಯಲ್ಲಿ ಯಾರ್ಯಾರಿದ್ದೀರಿ ಎಂಬ ವಿಚಾರಣೆ ತಪ್ಪದು. ಮೊದಲೇ ಫ್ಲ್ಯಾಟ್ ಮಾಲೀಕರ ಸಂಘದ ನಿಯಮಾವಳಿ (ಬೈಲಾ) ಓದಿ, ಸಂಜೆ ಹೊತ್ತು ಹೋಗಿ ನೆರೆಯವರನ್ನು ಮಾತಾಡಿಸಿ.

ಎಡವುವುದು ಹೆಚ್ಚಾಗಿ ಕಾಗದಪತ್ರದಲ್ಲಿ, ಊರು ಯಾವುದಾದರೂ. 2018ರ ಸುಪ್ರೀಂ ಕೋರ್ಟ್ ತೀರ್ಪು ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಆದರೆ 2023ರಲ್ಲಿ ಅದೇ ಕೋರ್ಟಿನಿಂದ ಮದುವೆಯ ಹಕ್ಕು ಸಿಗಲಿಲ್ಲ. ಹಾಗಾಗಿ ಒಬ್ಬರು ತೀರಿಕೊಂಡರೆ ಸಂಗಾತಿ ತಾನಾಗಿ ವಾರಸುದಾರರಾಗುವುದಿಲ್ಲ. ಕ್ರಯಪತ್ರದಲ್ಲಿ ಇಬ್ಬರ ಹೆಸರು, ಪಾಲಿನ ಪ್ರಮಾಣ ಬರೆಸಿ. ಇಬ್ಬರೂ ಉಯಿಲು ನೋಂದಾಯಿಸಿ. ಜಂಟಿ ಸಾಲಕ್ಕೆ ಕೆಲವು ಬ್ಯಾಂಕುಗಳು ಹತ್ತಿರದ ಸಂಬಂಧವನ್ನೇ ಕೇಳುತ್ತವೆ, ಮುಂಗಡ ಕೊಡುವ ಮುನ್ನ ಲಿಖಿತ ಒಪ್ಪಿಗೆ ಪಡೆಯಿರಿ.